ಲಿಯೊಂಟೀನಾ ಕೊಟ್ಟ ಹಲ್ಲು

ಲಿಯೊಂಟೀನಾಳ ಮನೆಯಲ್ಲಿ ಎರಡು ಬಗೆಯ ದುಡ್ಡಿತ್ತು. ಒಂದು ಇಲ್ಲಿನದು, ಇನ್ನೊಂದು ಅಲ್ಲಿನದು. ಇಲ್ಲಿನ ದುಡ್ಡು ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಡಬ್ಬದ ಹಿಂದೆ, ಬಣ್ಣ ಹೋದ ಪರ್ಸಿನಲ್ಲಿ ಇರುತ್ತಿತ್ತು. ಬ್ರೆಡ್ಡು, ಕರೆಂಟು, ಸೌದೆ, ಕೋಳಿಯ ಕಾಳು ಎಲ್ಲ ಅದರಲ್ಲೇ ಆಗಬೇಕು. ಅಲ್ಲಿನ ದುಡ್ಡು ಒಳಕೋಣೆಯ ಪೆಟ್ಟಿಗೆಯಲ್ಲಿ, ಮದುವೆಗೆ ತಂದ ಹಾಸುಬಟ್ಟೆಗಳ ಕೆಳಗೆ. ಅದು ಅವಳು ಸತ್ತ ಮೇಲಿನ ಬದುಕಿಗೆ. ತಿಂಗಳ ಕೊನೆಯ ವಾರ ಪರ್ಸು ಬರಿದಾದರೆ ಮೆಕ್ಕೆಜೋಳದ ಮುದ್ದೆಗೆ ಈರುಳ್ಳಿ ನಂಜಿಕೊಂಡು ಉಂಡು ಮಲಗುತ್ತಿದ್ದಳೇ ಹೊರತು ಒಳಕೋಣೆಯ ಬಾಗಿಲು ತೆಗೆಯುತ್ತಿರಲಿಲ್ಲ. ಮನೆ ಅವಳದೇ, ಪೆಟ್ಟಿಗೆ ಅವಳದೇ, ಬೆವರು ಸುರಿಸಿ ಕೂಡಿಟ್ಟ ಲೆಯಿ ನೋಟು ಅವಳದೇ. ಆದರೂ ಅದನ್ನು ಮುಟ್ಟುವುದೆಂದರೆ ಇನ್ನೊಬ್ಬರ ಜೇಬಿಗೆ ಕೈ ಹಾಕಿದ ಹಾಗೆ ಅವಳಿಗೆ.

ಡ್ಯಾನ್ಯೂಬ್ ದಂಡೆಯ ನಮ್ಮೂರಲ್ಲಿ ಇದೇನು ಹೊಸತಲ್ಲ. ಯಾರಾದರೂ ಸತ್ತರೆ ಅವರ ಮಕ್ಕಳು ಪೊಮಾನಾ ಮಾಡುತ್ತಾರೆ. ಊರವರನ್ನು ಕರೆದು ಊಟ ಹಾಕಿ, ಒಬ್ಬೊಬ್ಬರ ಕೈಗೂ ಒಂದು ತಟ್ಟೆ, ಒಂದು ಲೋಟ, ಟವೆಲು, ಹಚ್ಚಿದ ಮೇಣದಬತ್ತಿ ಕೊಟ್ಟು ಕಳಿಸುತ್ತಾರೆ. ಇಲ್ಲಿ ಕೊಟ್ಟದ್ದು ಸತ್ತವರಿಗೆ ಅಲ್ಲಿ ಸಿಗುತ್ತದೆ. ಮಕ್ಕಳಿಲ್ಲದವರು ಯಾರನ್ನು ನಂಬಿ ಕಣ್ಣು ಮುಚ್ಚಬೇಕು? ಅವರು ಬದುಕಿರುವಾಗಲೇ ತಮ್ಮ ಪೊಮಾನಾವನ್ನು ತಾವೇ ಮಾಡಿ ಮುಗಿಸುತ್ತಾರೆ. ಮೇಜು, ಕುರ್ಚಿ, ಮಂಚ, ಹಾಸಿಗೆ, ಬಟ್ಟೆಬರೆ, ದೀಪ, ಎಲ್ಲವನ್ನೂ ಕೈಯಾರೆ ಕೊಟ್ಟು ಅಲ್ಲಿನ ಮನೆಯನ್ನು ಅಣಿ ಮಾಡಿಟ್ಟುಕೊಂಡು ನೆಮ್ಮದಿಯಾಗಿರುತ್ತಾರೆ. ಲಿಯೊಂಟೀನಾಗೆ ಮಕ್ಕಳಿರಲಿಲ್ಲ. ಗಂಡ ಮರೀನ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಅವಳು ಪಟ್ಟಣದ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಒಗೆದವಳು. ಬೆಳಗಿನ ಐದೂವರೆಯ ಬಸ್ಸು ಹಿಡಿದು ಹೋದರೆ ಹೊಗೆಯಾಡುವ ಹಬೆಯಲ್ಲಿ ದಿನವಿಡೀ ನಿಂತ ಕಾಲಲ್ಲೇ ಕೆಲಸ. ರಕ್ತದ ಕಲೆಗೆ ಮೊದಲು ತಣ್ಣೀರು, ಬಿಸಿನೀರು ತಾಗಿತೋ ಕೆಟ್ಟಿತು ಎಂಬುದು ಹೊಸ ಹುಡುಗಿಯರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠ. ಬಂದ ಬಟ್ಟೆಯ ರಾಶಿ ನೋಡಿಯೇ ಮೇಲೆ ಹೆರಿಗೆಯಾಯಿತೋ, ಆಪರೇಷನ್ನೋ, ಯಾರಾದರೂ ಹೋದರೋ ಎಂದು ಹೇಳುತ್ತಿದ್ದಳು. ಅವಳು ಹಿಂಡಿ ಹರವಿದ ಬಟ್ಟೆಯ ಬಿಳುಪು ನೋಡಿ ದೊಡ್ಡ ಡಾಕ್ಟರೇ ಒಮ್ಮೆ ನಿಂತು ಹೋಗಿದ್ದುಂಟು. ನಿವೃತ್ತಿಯ ದಿನ ಅವಳ ಕೈಗೆ ನಾಲ್ಕು ಕೆಂಪು ಕಾರ್ನೇಶನ್ ಹೂ ಕೊಟ್ಟರು. ನಮ್ಮಲ್ಲಿ ಬದುಕಿರುವವರಿಗೆ ಬೆಸ ಲೆಕ್ಕದ ಹೂ, ಸರಿ ಲೆಕ್ಕ ಗೋರಿಗೆ. ಆಫೀಸಿನವರು ಯಾರೋ ಎಣಿಸದೆ ತಂದಿದ್ದರು. ಲಿಯೊಂಟೀನಾ ಮುಖ ಕೆಡಿಸಿಕೊಳ್ಳದೆ ಒಂದನ್ನು ಗೇಟಿನ ಕಾವಲುಗಾರನ ಕೋಟಿಗೆ ಸಿಕ್ಕಿಸಿ, ಉಳಿದ ಮೂರನ್ನು ಹಿಡಿದು ಬಸ್ಸು ಹತ್ತಿದಳು.

ಯಾರ ಹತ್ತಿರವೂ ಒಂದು ಹಿಡಿ ಹಿಟ್ಟಿಗೂ ಕೈಯೊಡ್ಡಿದವಳಲ್ಲ. ಅದೇ ಅವಳ ಸೊಕ್ಕು, ಅದೇ ಅವಳ ಸಂಪತ್ತು. ಅಂಥವಳಿಗೆ ಗಂಡನ ಪೊಮಾನಾದ ದಿನ ತಲೆ ತಗ್ಗಿಸುವಂತಾಯಿತು. ಮೂವತ್ತು ತಟ್ಟೆ ತಂದಿದ್ದಳು, ನಲವತ್ತಮೂರು ಜನ ಬಂದರು. ಫೆರಿಯಲ್ಲಿ ಹಗ್ಗ ಕಟ್ಟುವ ಕೆಲಸದಲ್ಲಿದ್ದ ಮರೀನನಿಗೆ ನದಿಯ ಎರಡೂ ದಡದಲ್ಲಿ ಗೆಳೆಯರಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಹದಿಮೂರು ಜನ ಬರಿಗೈಯಲ್ಲಿ ಎದ್ದರು. ಆಗ ಮರೀನನ ಅಕ್ಕ ಜೊಯಿತ್ಸಾ ಎಲ್ಲರಿಗೂ ಕೇಳುವ ಹಾಗೆ ಅಂದದ್ದು ಊರೆಲ್ಲ ಹಬ್ಬಿತು. "ಪಾಪ ನನ್ನ ತಮ್ಮ, ಅಲ್ಲಿ ನೆಂಟರು ಬಂದ್ರೆ ಅಂಗೈಲಿ ಬಡಿಸಬೇಕು." ಲಿಯೊಂಟೀನಾ ಆ ದಿನ ಅಳಲಿಲ್ಲ. ಮಾರನೆಯ ತಿಂಗಳಿಂದ ಪಿಂಚಣಿ ಬಂದ ಕೂಡಲೇ ಮೊದಲು ಒಳಕೋಣೆಗೆ ಹೋಗತೊಡಗಿದಳು.

ಒಂಬತ್ತು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟಳು. ಅಂಗಡಿಯಲ್ಲಿ ಬೆಣ್ಣೆಯ ಪೊಟ್ಟಣ ಕೈಗೆತ್ತಿಕೊಂಡು, ಬೆಲೆ ಓದಿ, ವಾಪಸ್ ಇಡುತ್ತಿದ್ದಳು. ಬಲ್ಬು ಸುಟ್ಟುಹೋದರೆ ಎರಡು ದಿನ ಕತ್ತಲಲ್ಲಿದ್ದು ಮೂರನೆಯ ದಿನ ಹೋಗಿ ತರುತ್ತಿದ್ದಳು. ಕೊಳ್ಳುವಾಗ ಕೈ ಬೆವರುತ್ತಿತ್ತು. ಚಳಿಗಾಲದಲ್ಲಿ ಸೌದೆ ಉಳಿಸಲು ಕೋಟು ಹಾಕಿಕೊಂಡೇ ಒಲೆಯ ಮುಂದೆ ಕೂರುತ್ತಿದ್ದಳು. ಅದೇ ಹೆಂಗಸು ಸಂತೆಯಲ್ಲಿ ಪೊಮಾನಾಕ್ಕೆಂದು ತಟ್ಟೆ ಕೊಳ್ಳುವಾಗ ಜಮೀನ್ದಾರ್ತಿಯಂತೆ ನಿಲ್ಲುತ್ತಿದ್ದಳು. ಚೌಕಾಸಿಯ ಮಾತೇ ಇಲ್ಲ. ನೀಲಿ ಅಂಚಿನದೇ ಆಗಬೇಕು, ಬಡಿದರೆ ಗಂಟೆಯಂತೆ ಸದ್ದು ಬರಬೇಕು. ಇಂಥವರನ್ನು ಕಂಡರೆ ಮೈ ಉರಿಯುತ್ತದೆ. ಅದೇ ಗಳಿಗೆಯಲ್ಲಿ ಕೈ ಮುಗಿಯಬೇಕು ಅಂತಲೂ ಅನಿಸುತ್ತದೆ. ಅವಳಿಗೆ ಜಿಪುಣಿ ಅನ್ನುವುದು ತಪ್ಪು. ಜಿಪುಣಿಗೆ ದುಡ್ಡಿನ ಮೇಲೆ ಆಸೆ ಇರುತ್ತದೆ. ಇವಳಿಗೆ ಇದ್ದದ್ದು ಇನ್ನೊಮ್ಮೆ ಸಾಲದೇ ಹೋದೀತು ಎಂಬ ಭಯ.

ಹೀಗಿರುವಾಗ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಈಸ್ಟರ್ ಮುಗಿದ ವಾರ, ಬಾಯಲ್ಲಿ ಉಳಿದಿದ್ದ ಎರಡು ಹಲ್ಲುಗಳಲ್ಲಿ ಒಂದು ಬ್ರೆಡ್ಡಿನ ಜೊತೆ ಬಂತು. ಇನ್ನೊಂದು ಅದನ್ನು ಹಿಂಬಾಲಿಸಲು ಹತ್ತು ದಿನವೂ ಹಿಡಿಯಲಿಲ್ಲ. ಆಮೇಲೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸುವುದು, ಸೇಬನ್ನು ಚಮಚದಲ್ಲಿ ಕೆರೆಯುವುದು. ಮಾತಾಡುವಾಗ ಬಾಯಿಗೆ ಕೈ ಅಡ್ಡ ಬಂತು. ನಗುವುದು ನಿಂತಿತು. ಚರ್ಚಿಗೆ ಹೋದರೂ ಹಾಡಿನ ಹೊತ್ತಿನಲ್ಲಿ ತುಟಿ ಬಿಗಿದು ನಿಲ್ಲುತ್ತಿದ್ದಳು.

"ಹೋಗಿ ಹಲ್ಲು ಕಟ್ಟಿಸ್ಕೊಳೇ ಮಾರಾಯ್ತಿ," ಅಂದಳು ಪಕ್ಕದ ಮನೆಯ ಸ್ತಾಂಕಾ. ಲಿಯೊಂಟೀನಾಳದೇ ವಯಸ್ಸು, ಅವಳದೇ ಮೈಕಟ್ಟು, ಅವಳಂತೆಯೇ ವಿಧವೆ. ಬಾಯಿ ಮಾತ್ರ ಎರಡು ಪಾಲು ದೊಡ್ಡದು. ಬೇಲಿಯ ಎರಡು ಹಲಗೆ ಕಿತ್ತು ದಾರಿ ಮಾಡಿಕೊಂಡು ದಿನಕ್ಕೆ ನಾಲ್ಕು ಸಲ ಓಡಾಡುತ್ತಿದ್ದವಳು. "ನಿನ್ನ ಮುಖ ನೋಡಿದ್ರೆ ಗಾಳಿ ಹೋದ ಚೆಂಡು ನೋಡಿದಂಗಾಗತ್ತೆ."

"ನಿನಗೇನು ಮೂವತ್ತೆರಡೂ ಇದೆಯಾ?"

"ನನಗೆ ಮೂರಿದೆ. ಮೂರೂ ಎದುರಾಬದುರಾ ಬರತ್ತೆ, ಸೌತೆಕಾಯಿ ಕಚ್ತೀನಿ. ನೀನು?"

ಸ್ತಾಂಕಾ ಬಿಡಲಿಲ್ಲ, ಬಸ್ಸು ಹತ್ತಿಸಿ ಪಟ್ಟಣಕ್ಕೆ ಕರೆದೊಯ್ದಳು. ಹಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ದವಡೆ ಒತ್ತಿ ನೋಡಿ, "ಅಜ್ಜಿ, ನಿಮ್ಮ ವಸಡು ಗಟ್ಟಿಯಾಗಿದೆ, ಹಲ್ಲಿನ ಸೆಟ್ಟು ಚೆನ್ನಾಗಿ ಕೂರತ್ತೆ," ಅಂದಳು. ಮೇಲೆ ಕೆಳಗೆ ಎರಡೂ ಸೇರಿ ಮೂರು ಸಾವಿರದ ಇನ್ನೂರು ಲೆಯಿ. ಎರಡು ತಿಂಗಳ ಪಿಂಚಣಿಗಿಂತ ಹೆಚ್ಚು. ಒಳಕೋಣೆಯ ಪೆಟ್ಟಿಗೆಯಲ್ಲಿ ಅದರ ಐದು ಪಟ್ಟು ಇತ್ತು. ಲಿಯೊಂಟೀನಾ ಕುರ್ಚಿಯಿಂದಿಳಿದು, ಸೆರಗಿನಂತೆ ತಲೆಯ ಸ್ಕಾರ್ಫ್ ಎಳೆದುಕೊಂಡು, "ಯೋಚನೆ ಮಾಡ್ತೀನಮ್ಮ," ಎಂದು ಹೊರಬಿದ್ದಳು. ಬಸ್ ನಿಲ್ದಾಣದ ಎದುರಿನ ಅಂಗಡಿಗೆ ನುಗ್ಗಿ ಪೊಮಾನಾಕ್ಕೆಂದು ಇನ್ನೂ ಹನ್ನೆರಡು ತಟ್ಟೆ ಕೊಂಡಳು.

ಸ್ತಾಂಕಾಗೆ ತಡೆಯಲಾಗಲಿಲ್ಲ. "ಲೇ, ಹಲ್ಲು ಕಟ್ಸೇ ಅಂದ್ರೆ ತಟ್ಟೆ ಕೊಳ್ತೀಯಲ್ಲೇ! ನಿನಗೆ ತಲೆ ನೆಟ್ಟಗಿದೆಯಾ?"

"ಅದು ಅಲ್ಲಿನ ದುಡ್ಡು ಕಣೆ. ಇಲ್ಲಿಗೆ ಮುಟ್ಟಬಾರದು."

"ಸರಿ, ಅಲ್ಲಿಗೆ ತಟ್ಟೆ ಆಯ್ತು. ತಟ್ಟೇಲಿ ಕುರಿಮಾಂಸ ಬಡಿಸ್ತಾರೆ ಅಂತಿಟ್ಕೋ. ಯಾವುದ್ರಲ್ಲಿ ಅಗೀತೀಯಾ? ಅಲ್ಲೂ ಬ್ರೆಡ್ಡು ಹಾಲಲ್ಲಿ ನೆನೆಸ್ಕೊಂಡು ಕೂತಿರ್ತೀಯಾ, ಎಂದೆಂದಿಗೂ?"

ತಮಾಷೆಗೆ ಅಂದ ಮಾತು. ಆದರೆ ಬಸ್ಸಿನಲ್ಲಿ ಲಿಯೊಂಟೀನಾ ಅಲ್ಲಿಗೆ ಕೊಡುವ ಸಾಮಾನಿನ ಪಟ್ಟಿಯನ್ನು ಮತ್ತೆ ಎಣಿಸಿದಳು. ಮಂಚ, ಮೇಜು, ದೀಪ, ಚಪ್ಪಲಿ, ಬಾಚಣಿಗೆಯವರೆಗೆ ಎಲ್ಲವನ್ನೂ ಯೋಚಿಸಿದ್ದಳು. ಇದೊಂದು ಹೊಳೆದೇ ಇರಲಿಲ್ಲ. ಎಂದೆಂದಿಗೂ ಅನ್ನುವುದು ಸಣ್ಣ ಮಾತಲ್ಲ.

ಮರುದಿನ ಪಾದ್ರಿಯ ಮನೆಗೆ ಹೋದಳು. ಅಂಗೆಲ್ ಪಾದ್ರಿ ಮುಖಕ್ಕೆ ಬಲೆ ಕಟ್ಟಿಕೊಂಡು ಜೇನುಪೆಟ್ಟಿಗೆಗೆ ಹೊಗೆ ಹಾಕುತ್ತಿದ್ದರು.

"ಗುರುಗಳೇ, ಪೊಮಾನಾದಲ್ಲಿ ಹಲ್ಲು ಕೊಟ್ರೆ ಅಲ್ಲಿ ಹಲ್ಲು ಸಿಗತ್ತಾ?"

ಪಾದ್ರಿ ಬಲೆ ಎತ್ತಿ ಅವಳ ಮುಖ ನೋಡಿದರು. ಹುಡುಗಾಟಕ್ಕೆ ಕೇಳುವವಳಲ್ಲ ಎಂಬುದು ಅವರಿಗೆ ಗೊತ್ತು. "ನಾನಿನ್ನೂ ಅಲ್ಲಿಗೆ ಹೋಗಿಲ್ಲ ಲಿಯೊಂಟೀನಾ. ಅಲ್ಲಿ ಊಟ ಇದೆಯೋ, ಇದ್ರೆ ಮೆತ್ತಗಿದೆಯೋ ಗಟ್ಟಿಗಿದೆಯೋ, ಯಾವ ಪುಸ್ತಕದಲ್ಲೂ ಬರೆದಿಲ್ಲ."

"ಆದ್ರೆ ಕೊಡಬಹುದಾ?"

"ಇಲ್ಲದೋರಿಗೆ ಕೊಟ್ರೆ ಯಾವುದಾದ್ರೂ ದಾನವೇ. ಯಾರಿಗೆ ಬೇಕಾಗಿದೆಯೋ ಹುಡುಕಿ ಕೊಡು. ಈಗ ಸ್ವಲ್ಪ ಹಿಂದೆ ಸರಿ, ಜೇನು ಸಿಟ್ಟಲ್ಲಿದೆ."

ಅಷ್ಟು ಸಾಕಾಯಿತು. ಅವಳ ಮನಸ್ಸು ಹಗುರಾಯಿತು. ಹಲ್ಲು ಕಟ್ಟಿಸಿ ಸ್ತಾಂಕಾಳಿಗೇ ಕೊಡುವುದು. ಹೇಗೂ ತನ್ನದೇ ವಯಸ್ಸು, ತನ್ನದೇ ಮೈಕಟ್ಟಿನವಳೆಂದು ಪೊಮಾನಾದಲ್ಲಿ ಮಂಚ, ಮೇಜು, ಬಟ್ಟೆ ಹೋಗುವುದು ಅವಳಿಗೇ. ಅವಳಿಗೆ ಇಲ್ಲಿ ಹಲ್ಲು, ತನಗೆ ಅಲ್ಲಿ ಹಲ್ಲು. ದುಡ್ಡು ಅಲ್ಲಿನದಾಗಿಯೇ ಖರ್ಚಾಗುತ್ತದೆ, ಮನಸ್ಸು ಚುಚ್ಚುವುದಿಲ್ಲ. ಬೇಲಿಯ ಸಂದಿಯಿಂದಲೇ ಕೂಗಿ ಹೇಳಿದಳು.

ಸ್ತಾಂಕಾ ಒಗೆದ ಬಟ್ಟೆ ಹರವುತ್ತಿದ್ದವಳು ಬಕೆಟ್ಟು ಕುಕ್ಕಿದಳು. "ಏನಂದೆ? ಸಾಯೋಕೆ ಮುಂಚೆ ಸತ್ತೋಳ ಹೆಸರಲ್ಲಿ ಹಲ್ಲು ನನ್ನ ಬಾಯಲ್ಲಿ? ತುತ್ತು ತುತ್ತಿಗೂ ನಿನಗೆ ಒಳ್ಳೇದಾಗ್ಲಿ ಅಂತ ಅಗೀಬೇಕಾ ನಾನು? ತಟ್ಟೆ ಕೊಡು, ತಗೋತೀನಿ. ಮಂಚ ಕೊಡು, ಮಲಗ್ತೀನಿ. ಬಾಯೊಳಗೆ ಕೈ ಹಾಕ್ಬೇಡ!"

"ನಿನಗೂ ಬೇಕಲ್ಲೇ, ಮೂರೇ ಇರೋದು."

"ಮೂರಿದ್ರೂ ನನ್ನವು. ಮತ್ತೆ ಕೇಳು, ನಾನು ನಿನ್ನೆದುರು ಕೂತು ನಿನ್ನ ದುಡ್ಡಿನ ಹಲ್ಲಲ್ಲಿ ಮಾಂಸ ಕಚ್ತಿರ್ಬೇಕು, ನೀನು ವಸಡಲ್ಲಿ ಗಂಜಿ ಚೀಪ್ತಿರ್ಬೇಕು? ನನಗೇನು ಮಾನ ಮರ್ಯಾದೆ ಇಲ್ವಾ? ಹೋಗೇ!"

ಎರಡು ವಾರ ಬೇಲಿಯ ಹಲಗೆ ಮುಚ್ಚಿತು. ಲಿಯೊಂಟೀನಾ ಸುಮ್ಮನೆ ಕೂರಲಿಲ್ಲ. ಊರಲ್ಲಿ ಹಲ್ಲಿಲ್ಲದವರಿಗೇನು ಬರವೇ? ಕೆಳಬೀದಿಯ ಮುದುಕ ಇಲಿಯೆಯ ಮನೆಗೆ ಹೋದಳು. ಅವನು ಹಲ್ಲಿಲ್ಲದ ಬಾಯಲ್ಲಿ ಗಹಗಹಿಸಿ, "ಸಾರಾಯಿಗೆ ಹಲ್ಲು ಯಾಕೆ ಬೇಕು ತಾಯಿ? ಅದೇ ದುಡ್ಡಿಗೆ ಪ್ಲಮ್ ಸಾರಾಯಿ ದಾನ ಮಾಡು, ನಿನಗೆ ಅಲ್ಲಿ ಪೀಪಾಯಿನೇ ಸಿಗತ್ತೆ," ಅಂದ. ಚರ್ಚಿನ ಕಸ ಗುಡಿಸುವ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡು ಬಾಗಿಲು ಹಾಕಿಕೊಂಡಳು. ತಟ್ಟೆಗೆ, ಟವೆಲಿಗೆ, ಲೋಟಕ್ಕೆ ಜನ ಸಾಲು ನಿಲ್ಲುತ್ತಾರೆ. ಸತ್ತವರ ಹೆಸರಿನ ಹಲ್ಲನ್ನು ಬಾಯೊಳಗೆ ಇಟ್ಟುಕೊಳ್ಳುವ ಗಂಡೆದೆಯವರು ನಮ್ಮೂರಲ್ಲಿ ಒಬ್ಬರೂ ಸಿಗಲಿಲ್ಲ. ಅವಳ ಪೊಮಾನಾಕ್ಕೆ ಅಕ್ಟೋಬರಿನ ಒಂದು ಶನಿವಾರ ನಿಗದಿಯಾಗಿತ್ತು, ದ್ರಾಕ್ಷಿ ಕೊಯ್ಲು ಮುಗಿದ ಮಾರನೆ ವಾರ. ದಿನ ಹತ್ತಿರ ಬಂದ ಹಾಗೆ ಅವಳ ನಿದ್ದೆ ಕೆಟ್ಟಿತು. ಒಂದು ಕೊರತೆ ಉಳಿದುಬಿಡುತ್ತದೆ, ಮರೀನನಿಗಾದ ಹಾಗೇ ತನಗೂ ಆಗುತ್ತದೆ ಎಂಬ ಕೊರಗು ಎದೆಯಲ್ಲಿ ಕೂತಿತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಸ್ತಾಂಕಾ ತಾನಾಗಿಯೇ ಹಲಗೆ ಸರಿಸಿ ಬಂದಳು. ಅಂಗಳದಲ್ಲಿ ಲಿಯೊಂಟೀನಾ ಕೆಂಪು ದೊಣ್ಣೆಮೆಣಸು ಸುಟ್ಟು ಸಿಪ್ಪೆ ಸುಲಿಯುತ್ತಿದ್ದಳು. ಸ್ತಾಂಕಾ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ತಾನೂ ಒಂದು ಕಾಯಿ ಎತ್ತಿಕೊಂಡಳು.

"ಸಿಕ್ಕಿದ್ರಾ ಯಾರಾದ್ರೂ?"

"ಇಲ್ಲ."

"ನನಗೊಬ್ಬಳು ಗೊತ್ತು. ಕೊಡೋದಾದ್ರೆ ಅವಳಿಗೇ ಕೊಡಬೇಕು."

"ಯಾರೇ?"

"ಗಂಡ ಇಲ್ಲ, ಮಕ್ಕಳಿಲ್ಲ. ಪ್ರಾಯದಲ್ಲಿ ಕತ್ತೆ ಥರ ದುಡಿದೋಳು. ಈಗ ಚಳಿಗಾಲದಲ್ಲಿ ಮನೆಯೊಳಗೇ ಕೋಟು ಹಾಕ್ಕೊಂಡು ಕೂತಿರ್ತಾಳೆ, ಸೌದೆ ಉರಿಸೋಕೆ ಧೈರ್ಯ ಇಲ್ಲ. ಬೆಣ್ಣೆ ತಿಂದು ಎಷ್ಟು ವರ್ಷ ಆಯ್ತೋ. ಅಂಗಡಿಗೆ ಹೋಗಿ ಮುಟ್ಟಿ ನೋಡಿ ವಾಪಸ್ ಬರ್ತಾಳೆ. ಬಾಯಲ್ಲಿ ಒಂದು ಹಲ್ಲಿಲ್ಲ. ನಗೋದನ್ನೂ ಬಿಟ್ಟಿದಾಳೆ."

"ಅಯ್ಯೋ ಪಾಪ," ಅಂದಳು ಲಿಯೊಂಟೀನಾ. ಸುಳ್ಳು ಮರುಕವಲ್ಲ, ಅವಳ ಕರುಳು ನಿಜಕ್ಕೂ ಚುರುಕ್ ಅಂದಿತು. "ಅವಳಿಗೆ ಯಾರೂ ದಿಕ್ಕಿಲ್ವೇನೆ? ನೋಡೋರಿಲ್ವಾ? ಎಲ್ಲಿರೋದು, ಮೇಲ್ಬೀದೀಲಾ?"

"ಇಲ್ಲೇ. ಇದೇ ಮನೇಲಿ."

ಲಿಯೊಂಟೀನಾಳ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಸ್ತಾಂಕಾ ತಲೆ ಎತ್ತಲಿಲ್ಲ, ತನ್ನ ಪಾಡಿಗೆ ಸಿಪ್ಪೆ ಸುಲಿಯುತ್ತಿದ್ದಳು. ಕೋಳಿಯೊಂದು ಬಂದು ಸಿಪ್ಪೆ ಕುಕ್ಕಿ ಓಡಿತು. ಲಿಯೊಂಟೀನಾ ಅಂದಳು, "ನಾನು ಯಾರ ಕೈಯಿಂದ್ಲೂ ದಾನ ತಗೊಂಡೋಳಲ್ಲ."

"ಯಾರ ಕೈಯಿಂದ್ಲೂ ಬೇಡ ಮಾರಾಯ್ತಿ. ನಿನ್ನ ಕೈಯಿಂದ ತಗೋ."

"ಹಂಗೆಲ್ಲಾ ಎಲ್ಲಾದ್ರೂ ಉಂಟಾ?"

"ಇಲ್ಲ. ಸಾಯೋಕೆ ಮುಂಚೆ ಸತ್ತೋರ ಊಟ ಹಾಕೋದಿದೆಯಲ್ಲ, ಅದನ್ನೂ ಒಂದು ಕಾಲಕ್ಕೆ ಯಾರೋ ಮೊದಲು ಮಾಡಿರ್ತಾರೆ."

ಆ ವಾರ ಲಿಯೊಂಟೀನಾ ಮನೆಯ ಪರದೆಗಳನ್ನೆಲ್ಲ ಇಳಿಸಿ ಒಗೆದಳು. ಯೋಚನೆ ಕಾಡಿದಾಗಲೆಲ್ಲ ಅವಳು ಮಾಡುತ್ತಿದ್ದ ಕೆಲಸ ಅದು. ಕೈ ನೀರಿನಲ್ಲಿದ್ದಾಗ ಆ ಹೆಂಗಸು ಮತ್ತೆ ಮತ್ತೆ ಕಣ್ಣ ಮುಂದೆ ಬಂದಳು, ಕೋಟು ಹಾಕಿಕೊಂಡು ಒಲೆಯ ಮುಂದೆ ಕೂತವಳು. ಊರಲ್ಲಿ ಇಂಥವಳೊಬ್ಬಳು ಇದ್ದಾಳೆಂದು ಯಾರಾದರೂ ಮೊದಲೇ ಹೇಳಿದ್ದರೆ ತಾನು ಎಂದೋ ಒಂದು ಗಾಡಿ ಸೌದೆ ಕಳಿಸಿರುತ್ತಿದ್ದೆ ಅನಿಸಿತು. ನಿಜ, ಕಳಿಸಿರುತ್ತಿದ್ದಳು. ಬೇರೆಯವರ ಕಷ್ಟಕ್ಕೆ ಅವಳ ಕೈ ಎಂದೂ ಬಿಗಿಯಾಗಿರಲಿಲ್ಲ. ಈ ಒಬ್ಬಳನ್ನು ಮಾತ್ರ ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಣಗಿದ ಪರದೆ ತೂಗುಹಾಕಿ, ಒಳಕೋಣೆಯ ಬಾಗಿಲು ತೆಗೆದು, ಹಾಸುಬಟ್ಟೆಗಳ ಕೆಳಗೆ ಕೈ ಹಾಕಿದಳು. ಕೈ ಬೆವರಲಿಲ್ಲ.

ಡಾಕ್ಟರಮ್ಮ ಬಾಯಲ್ಲಿ ಗುಲಾಬಿ ಬಣ್ಣದ ಅಂಟು ತುಂಬಿ ಅಚ್ಚು ತೆಗೆದಳು. ಮೂರು ಸಲ ಹೋಗಿ ಬಂದದ್ದಾಯಿತು. ಬಣ್ಣ ಆರಿಸುವಾಗ ಡಾಕ್ಟರಮ್ಮ ಸ್ವಲ್ಪ ಹಳದಿಯ ಕಡೆಗಿರುವುದನ್ನು ತೋರಿಸಿ, "ವಯಸ್ಸಿಗೆ ಇದು ಸಹಜವಾಗಿ ಕಾಣತ್ತೆ ಅಜ್ಜಿ," ಅಂದಳು.

"ಬೇಡ. ಬಿಳೀದು ತೋರ್ಸು. ಇದಕ್ಕಿಂತ ಬಿಳೀದಿಲ್ವಾ? ಬಿಳುಪು ಅಂದ್ರೇನು ಅಂತ ನನಗೆ ಹೇಳಿಕೊಡ್ಬೇಡಮ್ಮ."

ಕೊನೆಯ ದಿನ ಸೆಟ್ಟು ಬಾಯಿಗಿಟ್ಟು ಕನ್ನಡಿ ಕೊಟ್ಟರು. ಲಿಯೊಂಟೀನಾ ನೋಡಿಕೊಂಡಳು, ಮೇಲೆ ನೋಡಿದಳು, ಮತ್ತೆ ನೋಡಿಕೊಂಡಳು. ಆಮೇಲೆ ಎರಡನ್ನೂ ತೆಗೆದು, ಒರೆಸಿ, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಳು.

ಡಾಕ್ಟರಮ್ಮ ಗಾಬರಿಯಾದಳು. "ಅಜ್ಜಿ, ಇವತ್ತಿಂದಲೇ ಹಾಕ್ಕೋಬೇಕು! ಹಾಕ್ಕೊಂಡು ಅಭ್ಯಾಸ ಮಾಡದಿದ್ರೆ ಆಮೇಲೆ ತುಂಬ ನೋಯತ್ತೆ."

"ಇನ್ನೂ ಕೊಟ್ಟಿಲ್ವಲ್ಲಮ್ಮ."

"ದುಡ್ಡು ಪೂರ್ತಿ ಕೊಟ್ಟಿದೀರಲ್ಲ!"

"ನಿನಗೆ ಕೊಟ್ಟೆ. ಅವಳಿಗೆ ಇನ್ನೂ ಕೊಟ್ಟಿಲ್ಲ," ಎಂದು ಹೇಳಿ ಹೊರಟೇಬಿಟ್ಟಳು. ಪೊಮಾನಾಕ್ಕೆ ಇನ್ನೂ ಹನ್ನೊಂದು ದಿನವಿತ್ತು. ಶಾಸ್ತ್ರ ಎಂದರೆ ಶಾಸ್ತ್ರ, ದಾನವಾಗದ ವಸ್ತುವನ್ನು ಮೊದಲೇ ಬಳಸಿದರೆ ಅದು ಹಳತಾಗುತ್ತದೆ. ಹಳತು ಕೊಟ್ಟರೆ ಅಲ್ಲಿ ಹಳತೇ ಸಿಗುತ್ತದೆ. ಹನ್ನೊಂದು ದಿನ ಹೊಸ ಹಲ್ಲನ್ನು ಕಪಾಟಿನಲ್ಲಿಟ್ಟು ಅವಳು ನೆನೆಸಿದ ಬ್ರೆಡ್ಡನ್ನೇ ತಿಂದಳು. ಸ್ತಾಂಕಾ ದಿನಾ ಬಂದು ಡಬ್ಬಿ ತೆರೆದು ನೋಡಿ, ಮುಚ್ಚಿ, ಆಕಾಶ ನೋಡಿ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದಳು.

ಶನಿವಾರ ಬಿಸಿಲು ಚೆನ್ನಾಗಿತ್ತು. ಅಂಗಳದಲ್ಲಿ ಉದ್ದ ಮೇಜುಗಳು, ಅವುಗಳ ಮೇಲೆ ಕಣ್ಣು ಕೋರೈಸುವ ಬಿಳಿ ಬಟ್ಟೆ. ಎಲೆಕೋಸಿನ ಸುರುಳಿಗಳು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿದ್ದವು. ಸಕ್ಕರೆ ಹಾಕಿ ಬೇಯಿಸಿದ ಗೋಧಿ, ಹೊಸ ದ್ರಾಕ್ಷಾರಸ, ಒಲೆಯಲ್ಲಿ ಇಡೀ ಬೆಳಿಗ್ಗೆ ಬೆಂದ ಕುರಿ. ಅರವತ್ತು ತಟ್ಟೆ ತಂದಿದ್ದಳು, ಐವತ್ತೆರಡು ಜನ ಬಂದರು. ಮನೆಯ ಮುಂದೆ ಹೊಸ ಮಂಚ, ಮಂಚದ ಮೇಲೆ ದಪ್ಪ ಹಾಸಿಗೆ, ಪಕ್ಕಕ್ಕೆ ಮೇಜು, ಕುರ್ಚಿ, ದೀಪ. ಅಂಗೆಲ್ ಪಾದ್ರಿ ಪ್ರಾರ್ಥನೆ ಹೇಳಿ ಎಲ್ಲದಕ್ಕೂ ಧೂಪ ಹಾಕಿದರು. ಲಿಯೊಂಟೀನಾ ಒಬ್ಬೊಬ್ಬರ ಹೆಸರು ಕರೆದು, ಮೇಣದಬತ್ತಿ ಹಚ್ಚಿ, ಕೊಟ್ಟಳು. ತಗೊಂಡವರು ಅನ್ನಬೇಕಾದ ಮಾತನ್ನು ಅಂದರು. "ಬೊಗ್ದಾಪ್ರೋಸ್ತೆ." ದೇವರು ಒಪ್ಪಿಕೊಳ್ಳಲಿ. ಸ್ತಾಂಕಾ ಹೊಸ ಬಟ್ಟೆ ತೊಟ್ಟು ಮಂಚದ ಮೇಲೆ ಕೂತು, ಎದ್ದು, ಇನ್ನೊಮ್ಮೆ ಕೂತು ಗಟ್ಟಿಯಾಗಿ ಅಂದಳು, "ಬೊಗ್ದಾಪ್ರೋಸ್ತೆ! ಸ್ಪ್ರಿಂಗು ಚೆನ್ನಾಗಿದೆ." ಜನ ನಕ್ಕರು.

ಎಲ್ಲ ಮುಗಿಯಿತು ಎಂದುಕೊಂಡು ಪಾದ್ರಿ ಊಟಕ್ಕೆ ಕೂರಲು ಹೊರಟಾಗ ಲಿಯೊಂಟೀನಾ ಕೈಯೆತ್ತಿದಳು. ಒಳಗೆ ಹೋಗಿ, ಮಡಿಸಿದ ಬಿಳಿ ಟವೆಲಿನ ಮೇಲೆ ಡಬ್ಬಿ ಇಟ್ಟುಕೊಂಡು ಬಂದಳು. ಮುಚ್ಚಳ ತೆಗೆದಳು. ಬಿಸಿಲಿಗೆ ಹಲ್ಲು ಪಳಪಳ ಅಂದವು. ಬಾಯಿಗೆ ಕೈ ಅಡ್ಡವಿಡದೆ, ಬೊಚ್ಚುಬಾಯಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಇದು ಲಿಯೊಂಟೀನಾಗೆ. ಮರೀನನ ಹೆಂಡತಿಗೆ. ಆಸ್ಪತ್ರೇಲಿ ಬಟ್ಟೆ ಒಗೀತಿದ್ದೋಳಿಗೆ."

 ಯಾರೋ ಒಬ್ಬ ಕಿಸಕ್ಕೆಂದು ನಕ್ಕು ಪಕ್ಕದವನ ಮೊಣಕೈ ಏಟು ತಿಂದ. ಮೊದಲು ಬಾಯಿ ತೆರೆದವಳು ಜೊಯಿತ್ಸಾ.

"ಇದೇನೇ ಇದು ಹೊಸ ನಾಟಕ? ತನಗೆ ತಾನೇ ದಾನ ಮಾಡ್ಕೊಳೋದು ಎಲ್ಲಿದೆ? ದುಡ್ಡು ಹೆಚ್ಚಾಗಿ ಹಲ್ಲು ಕಟ್ಟಿಸ್ಕೊಂಡೆ ಅನ್ನು, ಅದಕ್ಕೆ ಪಾದ್ರಿನ ಯಾಕೆ ಎಳೀತೀಯಾ?"

ಲಿಯೊಂಟೀನಾ ಅವಳ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. "ಅತ್ತಿಗೆ, ಮೂವತ್ತೊಂದು ವರ್ಷ ಒಬ್ಬಳು ಹೆಂಗಸು ಈ ಸೀಮೆಯ ಜನರ ರಕ್ತ, ಕೀವು, ಹೇಲು ಉಚ್ಚೆ ಒಗೆದಳು. ಈ ಅಂಗಳದಲ್ಲಿ ಕೂತಿರೋರಲ್ಲಿ ಅರ್ಧ ಜನ ಹುಟ್ಟಿದ ಬಟ್ಟೇನ ಅವಳೇ ಒಗೆದಿರೋದು. ನಿನ್ನ ಗಂಡ ಸತ್ತ ಬಟ್ಟೇನೂ ಅವಳೇ. ಅವಳಿಗೆ ಯಾರೂ ಏನೂ ಕೊಡಲಿಲ್ಲ. ನಾನೂ ಕೊಡಲಿಲ್ಲ, ಒಂದು ತುಂಡು ಬೆಣ್ಣೆ ಸಹ. ಇವತ್ತು ಕೊಡ್ತಿದೀನಿ. ನನ್ನ ದುಡ್ಡು. ನಿನಗೇನು?"

ಜೊಯಿತ್ಸಾ ತಿರುಗಿ ಪಾದ್ರಿಯ ಮುಖ ನೋಡಿದಳು. ಅಂಗೆಲ್ ಪಾದ್ರಿ ಗಡ್ಡ ತೀಡಿಕೊಂಡರು, ಒಂದು ಗಳಿಗೆ ನೆಲ ನೋಡಿದರು, ಆಮೇಲೆ ಧೂಪದ ಪಾತ್ರೆಯನ್ನು ಎತ್ತಿ ಡಬ್ಬಿಯ ಮೇಲೆ ಮೂರು ಸಲ ಬೀಸಿದರು. ಫೆರಿಯ ಮುದುಕನೊಬ್ಬ ಎದ್ದು ನಿಂತು ಟೋಪಿ ತೆಗೆದ. ಅವನನ್ನು ನೋಡಿ ಇನ್ನೊಬ್ಬ ತೆಗೆದ.

ಕೊಡುವವಳೂ ತಗೊಳ್ಳುವವಳೂ ಒಬ್ಬಳೇ ಆದಾಗ ಕೈಯಿಂದ ಕೈಗೆ ದಾಟಿಸುವುದು ಹೇಗೆ? ಅದನ್ನು ಯಾರೂ ಯೋಚಿಸಿರಲಿಲ್ಲ. ಲಿಯೊಂಟೀನಾ ಟವೆಲು ಹಿಡಿದು ಹಾಗೇ ನಿಂತಳು. ಸ್ತಾಂಕಾ ಮಂಚದಿಂದ ಎದ್ದು ಬಂದು, ಅವಳ ಕೈಯಿಂದ ಟವೆಲು ಡಬ್ಬಿ ಎರಡನ್ನೂ ತಗೊಂಡು, ಮೇಣದಬತ್ತಿ ಹಚ್ಚಿ, ಒಂದು ಹೆಜ್ಜೆ ಹಿಂದೆ ಹೋಗಿ, ಮತ್ತೆ ಮುಂದೆ ಬಂದು ನೀಡಿದಳು.

"ತಗೋಳಮ್ಮ. ಲಿಯೊಂಟೀನಾ ಅಂತ ಒಬ್ಬಳಿದಾಳೆ, ಅವಳು ಕಳಿಸಿದ್ದು."

ಲಿಯೊಂಟೀನಾ ಎರಡೂ ಕೈ ಚಾಚಿದಳು. ಎಪ್ಪತ್ತೊಂದು ವರ್ಷದಲ್ಲಿ ಆ ಕೈಗಳು ಹಾಗೆ ಚಾಚಿದ್ದು ಅದೇ ಮೊದಲು.  "ಬೊಗ್ದಾಪ್ರೋಸ್ತೆ," ಅಂದಳು, ಮತ್ತು ಕಣ್ಣೀರು ಗಲ್ಲದವರೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಗೋಡೆಯ ಕಡೆ ತಿರುಗಿ ಹಲ್ಲು ಹಾಕಿಕೊಂಡಳು. ಕೆಳಗಿನದು ಕೂರಲಿಲ್ಲ, ತೆಗೆದು ಮತ್ತೆ ಕೂರಿಸಿದಳು. ಈ ಕಡೆ ತಿರುಗಿದಾಗ ಮುಖ ತುಂಬಿಕೊಂಡಿತ್ತು. ಅವಳು ನಕ್ಕಳು. ಆ ಬಿಳುಪು ಕಂಡು ಐವತ್ತೆರಡು ಜನರೂ ಒಮ್ಮೆಲೇ ಮಾತಾಡತೊಡಗಿದರು. ಅಷ್ಟು ಚೆಂದದ ಹಲ್ಲು ಊರಿನ ಹುಡುಗಿಯರಿಗೂ ಇರಲಿಲ್ಲ, ಹೇಳಬೇಕಾದ ಮಾತು.

ಪೊಮಾನಾ ಮಾಡಿಸಿದವರು ಮೇಜಿನ ತುದಿಯಲ್ಲಿ, ಎಲ್ಲರಿಗೂ ಕಾಣುವಂತೆ ಕೂರುವುದು ವಾಡಿಕೆ. ಲಿಯೊಂಟೀನಾ ನೆಟ್ಟಗೆ ಕೂತಳು. ಸ್ತಾಂಕಾ ಅವಳ ತಟ್ಟೆಗೆ ಕುರಿಯ ಪಕ್ಕೆಯ ಒಂದು ತುಂಡು ಹಾಕಿದಳು, ಮೂಳೆ ಸಮೇತ. ಡಾಕ್ಟರಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ. ಮೊದಲ ಕಡಿತಕ್ಕೇ ನೋವು ವಸಡಿನಿಂದ ಕಿವಿಯವರೆಗೆ ಹತ್ತಿತು. ಎಲ್ಲರ ಕಣ್ಣೂ ಅವಳ ಮೇಲಿತ್ತು. ಅವಳು ನಿಧಾನವಾಗಿ, ಬಲಗಡೆ ನಾಲ್ಕು ಸಲ, ಎಡಗಡೆ ನಾಲ್ಕು ಸಲ ಅಗಿದು, ನುಂಗಿ, ಮೂಳೆಯನ್ನು ತಟ್ಟೆಯ ಅಂಚಿಗೆ ಇಟ್ಟಳು.

ಸ್ತಾಂಕಾ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು. "ನೋಯ್ತಿದೆಯೇನೆ?"

"ನೋಯ್ತಿದೆ," ಅಂದಳು ಲಿಯೊಂಟೀನಾ. "ಇನ್ನೊಂದು ತುಂಡು ಹಾಕು."